ನಮ್ಮ ಗಾಡಿನೇ ಐತಿ

ನಮ್ಮ ಜಿಲ್ಲೆಯಲ್ಲಿ ಓಡಾಡುವ ಪ್ರತಿಯೊಂದು ಕಾರು, ಟೆಂಪೊ, ಲಾರಿಯೊಳಗೂ ನಾನಿದ್ದೇನೆ. ಇದು ಜಂಬದ ಮಾತಲ್ಲ, ಸರ್ಕಾರಿ ಮಾತು. ಸ್ಟೇರಿಂಗಿನ ಪಕ್ಕದಲ್ಲಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡದೊಂದು ಕಪ್ಪು ಡಬ್ಬಿಯನ್ನು ಕಾಯ್ದೆ ಪ್ರಕಾರ ಕೂರಿಸಿದ್ದಾರೆ. ಇಲಾಖೆ ಅದಕ್ಕಿಟ್ಟ ಹೆಸರು ಗೇಣುದ್ದ ಇದೆ; ಜನ ಡಬ್ಬಿ ಅನ್ನುತ್ತಾರೆ. ಹಿಂದಿನ ಪೊಲೀಸ್ ಗಾಡಿಯವರು ಗುಂಡಿ ಒತ್ತಿದರೆ ಮುಂದಿನ ಗಾಡಿಯ ಡಬ್ಬಿಯಿಂದ ಒಬ್ಬ ಹೆಂಗಸಿನ ದನಿ ಬರುತ್ತದೆ: "ಹೆದರಬ್ಯಾಡ್ರಿ. ಹಿಂದ ಬರೂದು ನಮ್ಮ ಗಾಡಿನೇ ಐತಿ. ಸಾವಕಾಶ ಎಡಕ್ಕ ತಗೊಂಡು ನಿಲ್ಲಸ್ರಿ." ನಿಲ್ಲಿಸದಿದ್ದರೆ ನಲವತ್ತು ಸೆಕೆಂಡಿನಲ್ಲಿ ಡಬ್ಬಿಯೇ ಎಂಜಿನ್ ಆರಿಸುತ್ತದೆ. ಆ ಹೆಂಗಸು ನಾನು. ಕಸ್ತೂರಿ ಬಾರಕೇರ, ಎ.ಎಸ್.ಐ., ಜಿಲ್ಲಾ ಕಂಟ್ರೋಲ್ ರೂಮ್.

ಇಷ್ಟೆಲ್ಲ ಯಾಕೆ ಬೇಕಾಯಿತು ಎಂದರೆ, ಅದೇ ಹೊತ್ತಿಗೆ ಪೊಲೀಸರ ಮುಸುಕಿನ ಗಾಡಿಗಳು ಬಂದಿದ್ದವು. ಅವುಗಳ ಮೈಗೆ ಒಂದು ತೆಳ್ಳನೆಯ ಹೊದಿಕೆ. ವಿದ್ಯುತ್ ಹಾಯಿಸಿದರೆ ಬಣ್ಣ ಬದಲಾಗುತ್ತದೆ, ನಂಬರ್ ಪ್ಲೇಟೂ ಬದಲಾಗುತ್ತದೆ. ಮುಂಜಾನೆ ಬಿಳಿ ಟ್ಯಾಕ್ಸಿ, ಮಧ್ಯಾಹ್ನ ಯಾರದೋ ಮನೆಯ ನೀಲಿ ಕಾರು. ಮೇಲೆ ಕೆಂಪು ದೀಪವಿಲ್ಲ, ಬದಿಗೆ ಹೆಸರಿಲ್ಲ. ಕಳ್ಳರಿಗೆ ಪೊಲೀಸರ ಗುರುತು ಸಿಗಬಾರದು ಎನ್ನುವುದು ಇಲಾಖೆಯ ಲೆಕ್ಕ. ಕಳ್ಳರಿಗೆ ಸಿಗದ ಗುರುತು ಒಳ್ಳೆಯವರಿಗಾದರೂ ಹೇಗೆ ಸಿಗಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲು ಡಬ್ಬಿಯಲ್ಲಿ ಯಂತ್ರದ ದನಿಯೊಂದನ್ನು ಹಾಕಿದ್ದರು. ಜನ ಬೆಚ್ಚಿಬಿದ್ದು ಗಾಡಿಯನ್ನು ಗಟಾರಕ್ಕೆ ಇಳಿಸಿದರು. ಆಗ ನಮ್ಮ ಇನ್ಸ್‌ಪೆಕ್ಟರ್ ಸಾಹೇಬರಿಗೆ ನನ್ನ ನೆನಪಾಯಿತು. ಹದಿನೇಳು ವರ್ಷ ತುರ್ತು ಕರೆಗೆ ಉತ್ತರ ಕೊಟ್ಟವಳು ನಾನು. ಹಾವು ಕಚ್ಚಿದವರು, ಗಂಡನಿಂದ ಏಟು ತಿಂದವರು, ಬಾವಿಗೆ ಬಿದ್ದ ಎಮ್ಮೆಯವರು, ಎಲ್ಲರಿಗೂ "ಕಂಟ್ರೋಲ್ ರೂಮ್ ಅಕ್ಕಾರು" ಗೊತ್ತು. ಪ್ರಯೋಗಾಲಯಕ್ಕೆ ಕರೆದೊಯ್ದು, ನಾಲ್ಕು ದಿನ ಗಾಜಿನ ಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು. ವಿನುತಾ ಎಂಬ ಎಂಜಿನಿಯರ್ ಹುಡುಗಿ ನನ್ನ ಕೆಮ್ಮನ್ನೂ ಬಿಡಲಿಲ್ಲ.

"ಉಸಿರು ಎಳ್ಕೊಳ್ಳೋದನ್ನೂ ಸೇರಿಸ್ತೀವಿ ಮೇಡಂ. ಯಂತ್ರ ಅಂತ ನಿಮ್ಮ ಮನೆಯವರಿಗೂ ಗೊತ್ತಾಗಲ್ಲ," ಎಂದಳು.

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಸಂತೆಗೆ ಹೋಗಿ ಬದನೆಕಾಯಿ ಹೇಗೆ ಎಂದು ಕೇಳಿದರೆ ಸಾಕು, ಕಾಯಿಪಲ್ಲೆಯವಳು ತಲೆ ಎತ್ತಿ, "ಅಯ್ಯ, ಡಬ್ಬಿ ಅಕ್ಕಾರು," ಎಂದು ನಕ್ಕು ಮೇಲೊಂದು ಹಿಡಿ ಕೊತ್ತಂಬರಿ ಹಾಕುತ್ತಿದ್ದಳು. ನನ್ನ ಗಂಡ ಗಂಗಪ್ಪ ಸಾರಿಗೆ ಸಂಸ್ಥೆಯ ಬಸ್ಸಿನ ಡ್ರೈವರ್. "ಮನ್ಯಾಗೂ ನಿಂದ ದನಿ, ಬಸ್ಸಿನ್ಯಾಗೂ ನಿಂದ ದನಿ. ನಾ ಎಲ್ಲಿಗಿ ಓಡಿ ಹೋಗ್ಲಿ ಮಾರಾಯ್ತಿ?" ಎಂದು ಕಾಡಿಸುತ್ತಿದ್ದ.

ಸಂಶಯ ಬಂದವರಿಗೆ ಒಂದು ದಾರಿ ಇತ್ತು. ಡಬ್ಬಿಯ ಮೇಲಿನ ಹಳದಿ ಗುಂಡಿ ಒತ್ತಿದರೆ ಅವರದೇ ಫೋನಿನಿಂದ ಕರೆ ನೇರವಾಗಿ ಕಂಟ್ರೋಲ್ ರೂಮಿಗೆ ಬರುತ್ತದೆ. ಮಾತು ಮುಗಿಯುವವರೆಗೆ ಎಂಜಿನ್ ಆರುವುದಿಲ್ಲ. ನಾವು ಬೋರ್ಡು ನೋಡಿ "ನಮ್ಮದಲ್ಲ" ಎಂದರೆ ಡಬ್ಬಿ ಸುಮ್ಮನಾಗುತ್ತದೆ, ಗಾಡಿಯವರು ಹೋಗಬಹುದು. "ನಮ್ಮದೇ" ಎಂದರೆ ನಿಲ್ಲಿಸಬೇಕು. ಕರೆಗಳು ಹೆಚ್ಚಾದಾಗ, ಮೂರನೇ ರಿಂಗಿಗೂ ನಾವು ಎತ್ತದಿದ್ದರೆ ಯಂತ್ರವೇ ಎತ್ತಿಕೊಂಡು ನನ್ನ ದನಿಯಲ್ಲೇ ಉತ್ತರ ಕೊಡುತ್ತಿತ್ತು.

ಬೋರ್ಡಿನ ಮೇಲೆ ನಮ್ಮ ಹದಿನಾಲ್ಕು ಮುಸುಕಿನ ಗಾಡಿಗಳು ಹಸಿರು ಚುಕ್ಕೆಗಳಾಗಿ ಕಾಣುತ್ತವೆ. ಪ್ರತಿ ಗಾಡಿಗೂ ದಿನಕ್ಕೊಂದು ಹೊಸ ಕೀಲಿ, ಅಂದರೆ ಒಂದು ಗುಪ್ತ ಸಂಖ್ಯೆ. ಅದಿಲ್ಲದೆ ಗಾಡಿಯ ಸಂಕೇತ ಮುಂದಿನ ಡಬ್ಬಿಗೆ ಮುಟ್ಟುವುದಿಲ್ಲ, ಬೋರ್ಡಿನ ಮೇಲೆ ಚುಕ್ಕೆಯೂ ಮೂಡುವುದಿಲ್ಲ. ಮುಂಜಾನೆ ಡ್ರೈವರ್ ಗಾಡಿ ತಂದು ಕಂಟ್ರೋಲ್ ರೂಮಿನ ಮುಂದೆ ನಿಲ್ಲಿಸಿ ಹೆಬ್ಬೆಟ್ಟು ಒತ್ತಬೇಕು, ನಾವು ಕಣ್ಣಾರೆ ನೋಡಿ ಕೀಲಿ ಹಾಕಬೇಕು ಎನ್ನುವುದು ನಿಯಮ. ಆದರೆ ಅರವತ್ತು ಕಿಲೋಮೀಟರ್ ದೂರ ಇರುವವನು ಹೆಬ್ಬೆಟ್ಟು ಒತ್ತಲು ಬಂದು ಹೋಗುವುದರೊಳಗೆ ಮಧ್ಯಾಹ್ನ. ಹಾಗಾಗಿ, "ಅಕ್ಕಾರ, ನಂದೂ ಹಾಕಿಬಿಡ್ರಿ," ಎಂದು ಫೋನ್ ಮಾಡುತ್ತಿದ್ದರು. ಆಮೇಲೆ ಫೋನೂ ನಿಂತಿತು. ನಾನು ಮುಂಜಾನೆ ಏಳಕ್ಕೆ ಬಂದು, ಊದಿನಕಡ್ಡಿ ಹಚ್ಚಿ, ಹದಿನಾಲ್ಕಕ್ಕೂ ಒಂದೇ ಸಲ ಕೀಲಿ ಹಾಕಿ ಚಹಾ ಕುಡಿಯುತ್ತಿದ್ದೆ. ಇದಕ್ಕೆ ನಾವು "ಒಟ್ಟಿಗಿ ಹಾಕೂದು" ಅನ್ನುತ್ತಿದ್ದೆವು. ಎಲ್ಲರಿಗೂ ಗೊತ್ತಿತ್ತು, ಸಾಹೇಬರಿಗೂ.

ಯುಗಾದಿಯ ಮರುದಿನ ಒಂಬತ್ತನೇ ಗಾಡಿ ಲಾರಿಗೆ ಗುದ್ದಿ ಮುಂಭಾಗ ಜಜ್ಜಿಹೋಯಿತು. ಡ್ರೈವರ್ ದಾವಲಸಾಬ ಬಂದು ಹೇಳಿದ: "ಅಕ್ಕಾರ, ಗಾಡಿ ಶೆಡ್ಡಿನ್ಯಾಗ ಬಿದ್ದೈತಿ. ಒಂಬತ್ತಕ್ಕ ಕೀಲಿ ಹಾಕಬ್ಯಾಡ್ರಿ."

"ಆತೇಳಪಾ," ಎಂದೆ.

ಒಂದು ಗಾಡಿಯನ್ನು ಪಟ್ಟಿಯಿಂದ ತೆಗೆಯಲು ಮೂರು ಪುಟದ ಅರ್ಜಿ ತುಂಬಿ ಇನ್ಸ್‌ಪೆಕ್ಟರ್ ಮುಧೋಳಕರ ಸಾಹೇಬರ ಸಹಿ ಹಾಕಿಸಬೇಕು. ಅವರು ತರಬೇತಿಗೆ ಹೋಗಿದ್ದರು. ಬಂದ ಮೇಲೆ ಮಾಡಿದರಾಯಿತು ಎಂದುಕೊಂಡೆ. ಅವರು ಬಂದರು, ನಾನು ಮರೆತೆ. ಹತ್ತೊಂಬತ್ತು ದಿನ ಒಟ್ಟಿಗೇ ಹಾಕಿದೆ. ಆ ನಡುವೆ ಶೆಡ್ಡಿನಲ್ಲಿದ್ದ ಗಾಡಿಯಿಂದ ಸಂಕೇತ ಕಳಿಸುವ ಪೆಟ್ಟಿಗೆಯನ್ನು ಯಾರೋ ಕಿತ್ತೊಯ್ದಿದ್ದರು. ನಾನು ಹಾಕಿದ ಕೀಲಿ ದಿನಾ ಆ ಪೆಟ್ಟಿಗೆಗೇ ಮುಟ್ಟುತ್ತಿತ್ತು. ಮುರಿದ ಗಾಡಿಯ ಒಳಗೆ ಬಗ್ಗಿ ನೋಡುವವರು ಯಾರು?

ಇಪ್ಪತ್ತನೇ ದಿನ ಮುಂಜಾನೆ ಹನ್ನೊಂದೂವರೆಗೆ ಒಂದು ಕರೆ ಬಂತು. ಎರಡನೇ ರಿಂಗಿಗೆ ಎತ್ತಿದೆ. ಅಷ್ಟು ಸ್ಪಷ್ಟವಾಗಿ ನೆನಪಿದೆ.

"ಅಕ್ಕಾರ, ನಾನು ಅಂಬಿಕಾ ಅಂತ, ಯರೀಹಾಳದಾಕಿ. ನಮ್ಮಪ್ಪಗ ಡಯಾಲಿಸಿಸ್ ಮಾಡಸಾಕ ಕರ್ಕೊಂಡು ಹೊಂಟೇನಿ. ಹಿಂದ ಒಂದು ಬೂದಿಬಣ್ಣದ ಕಾರ್ ಬರಾಕತ್ತೈತಿ. ಡಬ್ಬಿ ನಿಲ್ಲಸು ಅಂತೈತಿ. ನಿಲ್ಲಸ್ಲೇನ್ರಿ?"

ಬೋರ್ಡು ನೋಡಿದೆ. ಯರೀಹಾಳ ಕ್ರಾಸಿನ ಹತ್ತಿರ ಹಸಿರು ಚುಕ್ಕೆ. ಒಂಬತ್ತು.

"ನಮ್ಮ ಗಾಡಿನೇ ಐತವ್ವಾ. ನಿಲ್ಲಸು."

"ಡಬ್ಬಿಯಾಗೂ ನೀವಽ, ಫೋನಿನ್ಯಾಗೂ ನೀವಽ. ಖರೇನ ನೀವಽ ಹೌದಿಲ್ರಿ?"

"ನಾನಽ ತಂಗಿ, ಖರೇನ ನಾನಽ. ಕಾಗದ ತೋರಿಸಿ ಹೋಗು, ಐದು ನಿಮಿಷದ ಕೆಲಸ."

"ಆತ್ರೆಪಾ. ನೀವು ಹೇಳಿದ ಮ್ಯಾಲ ಧೈರ್ಯ ಬಂತು," ಎಂದು ಇಟ್ಟಳು.

ಇನ್ನೊಂದು ಕರೆ ಎತ್ತಿದೆ. ಅದು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ದಾವಲಸಾಬ ನಿಂತಿದ್ದ. "ಚಹಾ ಆತೇನ್ರಿ ಅಕ್ಕಾರ?" ಎಂದ. ನಾನು ಅವನ ಮುಖ ನೋಡಿದೆ, ಬೋರ್ಡು ನೋಡಿದೆ. ಒಂಬತ್ತನೇ ಗಾಡಿಯ ಡ್ರೈವರ್ ನನ್ನೆದುರು ಕೈಯಲ್ಲಿ ಬಿಸ್ಕೀಟು ಹಿಡಿದು ನಿಂತಿದ್ದಾನೆ, ಒಂಬತ್ತನೇ ಗಾಡಿ ಹೊಲದ ದಾರಿಗೆ ಹೊರಳುತ್ತಿದೆ. ಅವಳ ಕರೆ ಬಂದ ನಂಬರು ಒತ್ತಿದೆ. ಮತ್ತೆ ಮತ್ತೆ ಫೋನ್ ಮಾಡಿದೆ. ಅಂಬಿಕಾ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಚುಕ್ಕೆಯೂ ಆರಿತು.

ಹತ್ತಿರದ ಗಾಡಿ ಮೂವತ್ತೈದು ನಿಮಿಷದ ದೂರದಲ್ಲಿತ್ತು. ಅದನ್ನೇ ಕಳಿಸಿದೆ.

ಆಮೇಲೆ ಗೊತ್ತಾದದ್ದು ಇಷ್ಟು. ಮೂವರು ಇದ್ದರು. ಹೊಲದ ದಾರಿಯಲ್ಲಿ ತಂದೆ ಮಗಳನ್ನು ಇಳಿಸಿ, ಅವಳ ಕಿವಿಯೋಲೆ, ಇಬ್ಬರ ಫೋನು ಕಿತ್ತುಕೊಂಡು, ಕಾರು ಹೊಡೆದುಕೊಂಡು ಹೋದರು. ಚೈತ್ರದ ಬಿಸಿಲು, ಎರೆನೆಲ ಕಾದು ಬಿರಿದಿತ್ತು. ಅಂಬಿಕಾ ಅಪ್ಪನನ್ನು ಬೆನ್ನ ಮೇಲೆ ಹೊತ್ತು ಹೆದ್ದಾರಿಗೆ ಬಂದಳು. ಕೈ ಬೀಸಿದಳು. ಯಾರೂ ನಿಲ್ಲಿಸಲಿಲ್ಲ. ರಸ್ತೆ ಬದಿಯಲ್ಲಿ ಕೈ ಬೀಸುವ ಹೆಂಗಸೂ ಮುಸುಕಿನ ಗಾಡಿಯ ವೇಷದ ಕಳ್ಳರ ಬಲೆ ಎಂದು ಜನ ಆಗಲೇ ಮಾತಾಡಿಕೊಳ್ಳುತ್ತಿದ್ದರು. ಕೊನೆಗೆ ಒಂದು ಕಾರು ಮೆಲ್ಲಗೆ, ಹುಡುಕುತ್ತಾ ಬಂತು. ಗುರುತಿಲ್ಲದ ಕಾರು. ಅದನ್ನು ಕಂಡವಳೇ ಅಂಬಿಕಾ ಅಪ್ಪನನ್ನು ಎಳೆದುಕೊಂಡು ರಸ್ತೆಯ ಕೆಳಗಿನ ಮೋರಿಯೊಳಗೆ ನುಗ್ಗಿ ಅಡಗಿದಳು. ಕಾರು ಎರಡು ಸಲ ಮೇಲೆ ಹಾದುಹೋಯಿತು. ಒಳಗಿನವರು ಹೆಸರು ಹಿಡಿದು ಕರೆದರಂತೆ. ಅವಳು ಅಪ್ಪನ ಬಾಯಿ ಮುಚ್ಚಿ ಹಿಡಿದು ಕೂತಿದ್ದಳು.

ಅದು ನಾನು ಕಳಿಸಿದ ಗಾಡಿ.

ಮೂರು ಗಂಟೆಗೆ ಕುರಿ ಕಾಯುವವನೊಬ್ಬ ಅವಳ ಅಳು ಕೇಳಿ ಮೋರಿಯೊಳಗೆ ಬಗ್ಗಿ ನೋಡಿದ. ಅವಳ ಅಪ್ಪ ಫಕೀರಪ್ಪನವರ ಜೀವ ಅಷ್ಟರಲ್ಲಿ ಹೋಗಿತ್ತು.

ಮುಧೋಳಕರ ಸಾಹೇಬರು ಕೆಟ್ಟವರಲ್ಲ. ಮರುದಿನ ನನ್ನನ್ನು ಕೂರಿಸಿ, ಬಾಗಿಲು ಹಾಕಿ, ನೀರು ಕೊಟ್ಟರು. ಆಮೇಲೆ ಕರೆಯ ಧ್ವನಿಮುದ್ರಣ ಕೇಳಿಸಿದರು. ನಮ್ಮ ಗಾಡಿನೇ ಐತವ್ವಾ, ನಿಲ್ಲಸು.

"ಇದು ನೀವಾ, ಯಂತ್ರಾನಾ?" ಎಂದರು.

"ನಾನ್ರಿ ಸರ್."

"ಬಾರಕೇರ, ನಾ ಕೇಳಿದ್ದು ನಿಮಗ ತಿಳೀಲಿಲ್ಲ. ಒಂದಽ ನಂಬರು, ಒಂದಽ ದನಿ. ಯಾರ ಎತ್ತಿದ್ರು ಅಂತ ಎಲ್ಲೂ ಬರದಿಲ್ಲ. ವಿನುತಾ ಮೇಡಂಗೂ ಹೇಳಾಕ ಬರೂದಿಲ್ಲಂತ. ಯಂತ್ರ ಅಂದ್ರ ಯಾರ ಕುತ್ತಿಗಿಗೂ ಬರೂದಿಲ್ಲ. ನೀವು ಅಂದ್ರ ನೀವು ಹೋಗ್ತೀರಿ, ನಾ ಹೋಗ್ತೀನಿ, ದಾವಲಸಾಬ ಹೋಗ್ತಾನ. ಒಟ್ಟಿಗಿ ಹಾಕೂದು ಹೊರಗ ಬಿದ್ರ ಹದಿನಾಲ್ಕೂ ಮಂದಿ ಹೋಗ್ತಾರ."

ನಾನು ನೀರು ಕುಡಿದೆ. ಲೋಟ ಕೆಳಗಿಟ್ಟು ನನ್ನ ಮೇಜಿಗೆ ಹೋದೆ.

ಫಕೀರಪ್ಪನವರು ತೀರಿದ ಹನ್ನೆರಡನೇ ದಿನ ಅಂಬಿಕಾ ಸ್ವತಃ ಕಂಟ್ರೋಲ್ ರೂಮಿಗೆ ಬಂದಳು. ಮೂವತ್ತು ದಾಟಿದ ಹೆಣ್ಣು, ಓಲೆ ಇಲ್ಲದ ಕಿವಿ, ಹರಿದ ಹಾಲೆಗೆ ಹೊಲಿಗೆ. ಜಗಳಕ್ಕೆ ಬಂದವಳಲ್ಲ. ಸಾಹೇಬರು ಹಾಕಿದ ಕುರ್ಚಿಯ ತುದಿಯಲ್ಲಿ ಕೂತಳು. ನಾನು ಮೂಲೆಯ ಮೇಜಿನಲ್ಲಿದ್ದೆ. ಬಾಯಿ ಬಿಡದಿದ್ದರೆ ನಾನು ಯಾರೆಂದು ಅವಳಿಗೆ ತಿಳಿಯುವುದಿಲ್ಲ.

"ಸರ್, ನನಗ ಪರಿಹಾರ ಬ್ಯಾಡ್ರಿ," ಎಂದಳು. "ಒಂದಽ ಮಾತು ಹೇಳ್ರಿ. ಆ ದಿನ ಫೋನಿನ್ಯಾಗ ಮಾತಾಡಿದ್ದು ಮನಶ್ಯಾಳೋ ಮಷೀನೋ? ನಮ್ಮ ಅಣ್ಣಂದ್ರು ನನಗ ಬೈತಾರ. ಮಷೀನ್ ಮಾತು ಕೇಳಿ ಅಪ್ಪನ್ನ ಕೊಂದಿ, ಇನ್ನ ನಾಕ ಕಿಲೋಮೀಟರಿಗೆ ದವಾಖಾನಿ ಇತ್ತು, ಓಡಿಸಿಕೊಂಡು ಹೋಗಾಕ ಏನಾಗಿತ್ತು ಅಂತಾರ. ನಮ್ಮವ್ವ ನನ್ನ ಕೂಡ ಮಾತಾಡೂದು ಬಿಟ್ಟಾಳ. ನಾ ಹಂಗ ನಿಲ್ಲಸಿಲ್ರಿ. ನಾ ಕೇಳೇನಿ. ಖರೇನ ನೀವಽ ಏನು ಅಂತ ಕೇಳೇನಿ. ಮನಶ್ಯಾಳನ್ನ ಕೇಳಿ ನಿಲ್ಲಸಿದ್ರ ನನ್ನ ತಪ್ಪಿಲ್ಲಲ್ರಿ?"

ಸಾಹೇಬರು ನನ್ನ ಕಡೆ ನೋಡಲಿಲ್ಲ. "ಅದು ಯಂತ್ರದ ದೋಷ ಅವ್ವಾ. ಕಾಗದ ಕಳಸ್ತೀವಿ," ಎಂದರು.

ಅವಳು ಕುರ್ಚಿ ಹಿಂದೆ ಸರಿಸಿದಳು. "ನಾ ದಡ್ಡಿ ಅನ್ನೂದಾತು," ಎಂದು ಎದ್ದು ಹೋದಳು.

ಹದಿನೇಳು ವರ್ಷ ಮಾತಾಡಿಯೇ ಅನ್ನ ತಿಂದವಳು, ಮಾತಾಡಲೇಬೇಕಾದ ದಿನ ಮೂಗಿಯಂತೆ ಕೂತೆ. ಅವತ್ತೇ ಸಂಜೆ ಸಾಹೇಬರು ಮುಂದಿಟ್ಟ ಹೇಳಿಕೆಗೆ ಸಹಿ ಹಾಕಿದೆ. ಸದರಿ ಕರೆಯನ್ನು ನಾನು ಸ್ವೀಕರಿಸಿರುವುದಿಲ್ಲ ಎಂದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಕೇಳಿದ್ದೆ. ಆ ಬೇಲಿಯ ಒಂದು ಗೂಟ ನಾನೇ ಆದೆ.

ಮನೆಯಲ್ಲಿ ಗಂಗಪ್ಪನಿಗೆ ಹೇಳಿದೆ. ಅವನು ಊಟದ ತಟ್ಟೆ ಸರಿಸಿದ. "ಇನ್ನ ಎರಡಽ ವರ್ಷ ಐತಿ ನಿನ್ನ ಸರ್ವೀಸು. ಸಹಿ ಹಾಕೀದಿ, ಮುಗೀತು. ಹೋದ ಜೀವ ಬರೂದಿಲ್ಲ," ಎಂದ. ಆಮೇಲೆ ತಾನಾಗಿಯೇ, "ಆ ಹುಡುಗಿ ಕೈ ಬೀಸಿದಾಗ ನಾ ಆ ದಾರಿಲೆ ಹೊಂಟಿದ್ರೂ ಬಸ್ ನಿಲ್ಲಸ್ತಿರಲಿಲ್ಲ ನೋಡ. ಮೊದಲ ಹಂಗಿರಲಿಲ್ಲ ನಾನು," ಎಂದ. ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ.

ಪ್ರಯೋಗಾಲಯಕ್ಕೆ ಹೋಗಿ ವಿನುತಾಳನ್ನು ಕಂಡೆ. "ನನ್ನ ದನಿ ತಗದುಬಿಡವ್ವಾ," ಎಂದು ಕೇಳಿದೆ.

ಅವಳು ಪರದೆಯಿಂದ ಕಣ್ಣು ತೆಗೆದು, "ಲಕ್ಷಗಟ್ಟಲೆ ಡಬ್ಬಿಗಳಿವೆ ಮೇಡಂ," ಎಂದಳು. "ಒಂದೊಂದನ್ನೂ ಗ್ಯಾರೇಜಿಗೆ ತಂದು ಬಿಚ್ಚಬೇಕು. ಎರಡು ವರ್ಷ ಆಗತ್ತೆ. ಅಲ್ಲದೆ ನೀವು ಬರೆದುಕೊಟ್ಟಿದ್ದೀರಿ, ಆ ದನಿ ಈಗ ಇಲಾಖೆಯದು." ಆಮೇಲೆ ದನಿ ತಗ್ಗಿಸಿ ಹೇಳಿದಳು: "ನಾನೂ ನನ್ನ ಕಾರಿನ ಡಬ್ಬಿಯ ಬಾಯಿಗೆ ಟೇಪ್ ಅಂಟಿಸಿದೀನಿ. ಯಾರಿಗೂ ಹೇಳಬೇಡಿ."

ಊರಲ್ಲಿ ಸುದ್ದಿ ಹಬ್ಬಿತ್ತು. ನಿಲ್ಲಿಸಿ ಎಂದರೆ ಜನ ಆಕ್ಸಿಲರೇಟರ್ ಒತ್ತುತ್ತಿದ್ದರು. ನಲವತ್ತು ಸೆಕೆಂಡಿನಲ್ಲಿ ಸಿಕ್ಕಷ್ಟು ದೂರ ಓಡಿ, ಎಂಜಿನ್ ಆರಿದ ಮೇಲೆ ಇಳಿದು ಹೊಲಕ್ಕೆ ಬೀಳುತ್ತಿದ್ದರು. ನಮ್ಮ ಪೊಲೀಸರ ಮೇಲೆ ಎರಡು ಕಡೆ ಕಲ್ಲು ಬಿದ್ದವು. ಸಂತೆಯಲ್ಲಿ ನಾನು ಬದನೆಕಾಯಿಯ ಮಾತೆತ್ತಿದ್ದೇ ತಡ, ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಸೆರಗಿಗೆ ಎಳೆದುಕೊಂಡು ಸರಿದಳು. ಕಾಯಿಪಲ್ಲೆಯವಳು ತಲೆ ಎತ್ತದೆ ತೂಗಿ ಕೊಟ್ಟಳು. ಮರುವಾರದಿಂದ ನಾನು ಬೆರಳು ಮಾಡಿ ತೋರಿಸತೊಡಗಿದೆ. ಮನೆಗೆ ಬಂದವರ ಮುಂದೆಯೂ ಮಾತು ಕಡಿಮೆ ಮಾಡಿದೆ. ನನ್ನ ಗಂಟಲು ನನಗೇ ಹೇಸಿಕೆಯಾಗಿತ್ತು.

ಇಷ್ಟಾದರೂ ದಿನಾ ಏಳಕ್ಕೆ ಹೋಗಿ ಕರೆ ಎತ್ತುತ್ತಿದ್ದೆ. ಒಂದು ಮುಂಜಾನೆ ಹಿರಿಯರೊಬ್ಬರು ಕೇಳಿದರು: "ಖರೇನ ನೀವಽ ಏನ್ರಿ ಅಕ್ಕಾರ?" ಫೋನನ್ನು ಪಕ್ಕದ ಹುಡುಗಿಗೆ ಕೊಟ್ಟು, ರಜೆ ಚೀಟಿಯನ್ನೂ ಬರೆಯದೆ ಹೊರಬಿದ್ದು ಯರೀಹಾಳದ ಬಸ್ಸು ಹತ್ತಿದೆ. ಸಾಹೇಬರಿಗೆ ಏನು ಹೇಳುವುದು, ಗಂಗಪ್ಪನಿಗೆ ಏನು ಹೇಳುವುದು, ಒಂದನ್ನೂ ಯೋಚಿಸಿರಲಿಲ್ಲ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಪಾತ್ರೆಯ ಸದ್ದು. ಕಟ್ಟೆಯ ಮೇಲೆ ನಿಂತು, "ಅಂಬಿಕಾ, ತಂಗಿ, ಹೊರಗ ಬರ್ತೀಯೇನವ್ವಾ?" ಎಂದೆ.

ಪಾತ್ರೆ ಬಿದ್ದ ಸದ್ದಾಯಿತು. ಯಾರೋ ಓಡಿಬಂದು ಬಾಗಿಲು ತಳ್ಳಿ ಅಗಳಿ ಹಾಕಿದರು. ಎದುರು ಮನೆಯ ಮುದುಕಿ ಹಪ್ಪಳದ ಚಾಪೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಆ ಓಣಿಯಲ್ಲಿ ಒಂದೊಂದೇ ಬಾಗಿಲು ಮುಚ್ಚಿದ್ದನ್ನು ನಾನು ನಿಂತಲ್ಲೇ ಕೇಳಿದೆ.

"ಯಾರೂ ಇಲ್ಲ ನನ್ನ ಕೂಡ. ಒಬ್ಬಾಕೆನಽ ಬಂದೇನಿ," ಎಂದೆ. "ನಾನು ಕಸ್ತೂರಿ. ಕಂಟ್ರೋಲ್ ರೂಮಿನಾಕಿ. ಆ ದಿನ ಫೋನ್ ಎತ್ತಿದಾಕಿ ನಾನಽ. ಮಷೀನ್ ಅಲ್ಲ. ನೀ ಖರೇನ ನೀವಽ ಏನು ಅಂತ ಕೇಳಿದಿ, ನಾ ಹೌದು ಅಂದೆ. ಒಂಬತ್ತನೇ ಗಾಡಿ ಮುರದು ಬಿದ್ದೈತಿ ಅಂತ ನನಗ ಗೊತ್ತಿತ್ತು. ಆದ್ರೂ ದಿನಾ ಅದಕ್ಕ ಕೀಲಿ ಹಾಕಿದಾಕಿ ನಾನು. ತಪ್ಪು ನಂದು. ನೀ ಮಾಡಬೇಕಾದ್ದನ್ನ ಮಾಡೀದಿ ತಂಗಿ."

ನನಗೆ ಅಳು ಬಂತು, ತಡೆದುಕೊಂಡೆ. ಅಳುವನ್ನೂ ವಿನುತಾಳ ಯಂತ್ರ ಕಲಿತಿರಬಹುದು, ಇವಳು ನಂಬಲಿಕ್ಕಿಲ್ಲ ಅನ್ನಿಸಿತು.

ಬಾಗಿಲ ಹಿಂದಿನಿಂದ ಅಂಬಿಕಾ ಮಾತಾಡಿದಳು. "ಈ ದನಿ ನಾ ಇನ್ನ ನಂಬೂದಿಲ್ರಿ. ಏನ ಹೇಳಿದ್ರೂ ನಂಬೂದಿಲ್ಲ."

"ನಂಬಬ್ಯಾಡ. ಕಿಟಕ್ಯಾಗಿಂದ ನನ್ನ ಮುಖ ನೋಡು."

"ಮುಖ ತಗೊಂಡು ಏನ ಮಾಡ್ಲಿ? ನಿಮ್ಮ ಆಫೀಸಿನಿಂದ ಕಾಗದ ಬಂದೈತಿ. ನೀವು ಫೋನ್ ಎತ್ತಿಲ್ಲ ಅಂತ ಅದರಾಗ ಐತಿ. ಕೆಳಗ ಸಹಿ ಐತಿ. ಅದು ನಿಮ್ದ ಹೌದಿಲ್ಲೋ?"

"ನಂದಽ."

ಒಳಗೆ ಹೆಜ್ಜೆ ಸದ್ದು. ಬಾಗಿಲ ಕೆಳಗಿನ ಸಂದಿಯಿಂದ ಆ ಕಾಗದ ಹೊರಗೆ ಬಂತು. ಇಲಾಖೆಯ ಮುದ್ರೆ, ನನ್ನ ಸಹಿ.

"ಅದರ ಹಿಂದ ಬರೀರಿ. ಈಗ ಹೇಳಿದ್ದನ್ನ ಪೂರಾ ಬರೀರಿ," ಎಂದಳು.

ಇದನ್ನು ಬರೆದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಕೆಲಸ, ಸಾಹೇಬರ ಕೆಲಸ, ಮನೆಯಲ್ಲಿ ಮೂರು ಮಕ್ಕಳಿರುವ ದಾವಲಸಾಬನ ಕೆಲಸ. ಅವನೊಬ್ಬನಾದರೂ ಸರಿಯಾದದ್ದನ್ನೇ ಹೇಳಿದ್ದ. ಅವನು ಬಂದು ಹೇಳಿದ್ದನ್ನೂ ಬರೆಯೋಣ ಎಂದುಕೊಂಡೆ. ಚೀಲದಿಂದ ಪೆನ್ನು ತೆಗೆದು, ಕಟ್ಟೆಯ ಕಲ್ಲಿನ ಮೇಲೆ ಕಾಗದ ಇಟ್ಟು ಬರೆದೆ. ಒರಟು ಕಲ್ಲಿಗೆ ಅಕ್ಷರ ಸೊಟ್ಟಗಾದವು. ಎಲ್ಲವನ್ನೂ ಬರೆದೆ. ಹತ್ತೊಂಬತ್ತು ದಿನ ಎಂದೂ ಬರೆದೆ. ಸಹಿ ಹಾಕಿ, ತಾರೀಕು ಹಾಕಿ, ಸಂದಿಯಲ್ಲಿ ತೂರಿಸಿದೆ.

ಕಾಗದ ಒಳಗೆ ಹೋಯಿತು. ಅಗಳಿ ತೆಗೆಯಲಿಲ್ಲ.

"ಹೋಗ್ರಿ ನೀವಿನ್ನ," ಎಂದಳು.

ಕಟ್ಟೆ ಇಳಿದು ಚಪ್ಪಲಿ ಮೆಟ್ಟುತ್ತಿದ್ದೆ. ಒಳಗೆ ಅಂಬಿಕಾ ಓದುವುದು ಕೇಳಿಸಿತು. ಶಾಲೆಯ ಮಕ್ಕಳ ಹಾಗೆ ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಓದುತ್ತಿದ್ದಳು. ನಾನು ಬರೆದದ್ದನ್ನು ತಾಯಿಗೆ ಓದಿ ಹೇಳುತ್ತಿದ್ದಳು. ಓದು ಮುಗಿದ ಮೇಲೆ ವಯಸ್ಸಾದ ಹೆಂಗಸಿನ ಒಡಕು ದನಿ ಬಂತು.

"ಇನ್ನೊಮ್ಮೆ ಓದವ್ವಾ."

ಅಂಬಿಕಾ ಇನ್ನೊಮ್ಮೆ ಓದಿದಳು.